ವರ್ಲಿನ್ ಹ್ಯಾಚನ ಮುನ್ನೂರರ ಮಿತಿ

ಬೌಲ್ಡರ್ ಹೈವೇ ಪಕ್ಕದ ಆ ಕ್ಯಾಸಿನೊದಲ್ಲಿ ಯಾರು ಬೇಕಾದರೂ ಎಷ್ಟು ಬೇಕಾದರೂ ಬಾಜಿ ಕಟ್ಟಬಹುದಿತ್ತು, ವರ್ಲಿನ್ ಹ್ಯಾಚ್ ಒಬ್ಬನನ್ನು ಬಿಟ್ಟು. ಬ್ಯಾಸ್ಕೆಟ್‌ಬಾಲ್ ಆಟ ಒಂದಕ್ಕೆ ಅವನ ಕೈಯಿಂದ ಮುನ್ನೂರು ಡಾಲರಿನ ಮೇಲೆ ಒಂದು ಕಾಸೂ ತೆಗೆದುಕೊಳ್ಳಕೂಡದು ಎಂದು ಮೇಲಿನವರ ಅಪ್ಪಣೆ. ಬೇರೆ ಊರಿನವರಿಗೆ ಇದು ಅವಮಾನ ಅನ್ನಿಸೀತು. ಲಾಸ್ ವೇಗಸ್ಸಿನಲ್ಲಿ ಹುಟ್ಟಿ ಬೆಳೆದವರು ಹಾಗೆ ತಿಳಿಯುವುದಿಲ್ಲ. ಸೋಲುವವನಿಗೆ ಯಾವ ಕ್ಯಾಸಿನೊ ತಾನೇ ಮಿತಿ ಹಾಕುತ್ತದೆ? ಅವನಿಗೆ ಪುಕ್ಕಟೆ ಊಟ ಹಾಕಿ ಕೂರಿಸಿಕೊಳ್ಳುತ್ತದೆ. ಗೆಲ್ಲುವವನನ್ನು ಕಂಡರೆ ಮಾತ್ರ ಅವರಿಗೆ ಹೊಟ್ಟೆನೋವು. ಮುನ್ನೂರರ ಮಿತಿ ವರ್ಲಿನ್‌ಗೆ ಸರ್ಕಾರ ಕೊಟ್ಟ ಪದಕ ಇದ್ದ ಹಾಗೆ. ಅವನ ಹೆಂಡತಿ ಲೋರ್ನಾಗೆ ಅದು ಅದಕ್ಕೂ ಹೆಚ್ಚಿನದು.

ಲೋರ್ನಾಳ ಅಪ್ಪ ಒಂದು ಪೆಟ್ರೋಲ್ ಬಂಕನ್ನು ಇಸ್ಪೀಟು ಮೇಜಿನ ಮೇಲೆ ಕಳೆದುಕೊಂಡವನು. ಜೂಜುಕೋರನ ನೆರಳೂ ಬೇಡ ಎಂದು ಶಪಥ ಮಾಡಿದ್ದ ಹೆಂಗಸು ನಲವತ್ತರ ಮೇಲೆ ವರ್ಲಿನ್‌ನನ್ನು ಮದುವೆಯಾದದ್ದು ಹೇಗೆ? ಅವನು ಅವಳನ್ನು ಬಾಜಿ ಕೌಂಟರಿಗೆ ಕರೆದುಕೊಂಡು ಹೋಗಿ, ಅವಳ ಎದುರಿಗೇ ಐನೂರು ಡಾಲರು ಚಾಚಿದ್ದ. ಕೌಂಟರಿನವನು ಕೈ ಮುಂದೆ ಮಾಡಲಿಲ್ಲ. ನಿನ್ನಿಂದ ಮುನ್ನೂರೇ ಸಾಕಪ್ಪ ಎಂದು ಉಳಿದದ್ದನ್ನು ವಾಪಸು ತಳ್ಳಿದ್ದ. ತನ್ನಪ್ಪನಿಂದ ಮನೆಯ ಕೀಲಿಯವರೆಗೂ ಇಸಿದುಕೊಂಡ ಊರು ಈ ಗಂಡಸಿನ ದುಡ್ಡಿಗೆ ಹೆದರುತ್ತಿದೆ ಎಂದು ಲೋರ್ನಾ ಕಣ್ಣಾರೆ ಕಂಡಳು. ನೀನು ಜೂಜುಕೋರ ಅಲ್ಲ ಬಿಡು ಎಂದಳು. ಆ ಮಾತಿನ ಮೇಲೆ ಅವರ ಸಂಸಾರ ನಡೆದುಕೊಂಡು ಬಂತು.

ವರ್ಲಿನ್‌ನ ವಿದ್ಯೆ ಓದಿ ಬಂದದ್ದಲ್ಲ. ಇಪ್ಪತ್ತು ವರ್ಷ ಅವನು ಲಾರಿ ಓಡಿಸಿದವನು, ಡೆನ್ವರಿನಿಂದ ಸಾಲ್ಟ್ ಲೇಕ್, ಅಲ್ಲಿಂದ ಲಾಸ್ ಏಂಜಲಿಸ್, ಹಿಂದೆ ಹೆಪ್ಪುಗಟ್ಟಿಸಿದ ಕೋಳಿಮಾಂಸದ ಸರಕು. ಸೊಂಟ ಬಿದ್ದುಹೋಗಿ ಲಾರಿ ಬಿಟ್ಟ. ಆದರೆ ನಿದ್ದೆಗೆಟ್ಟ ಮೈ ಯಾವ ಗಳಿಗೆಯಲ್ಲಿ ಕೈಕೊಡುತ್ತದೆ ಎಂಬುದು ಅವನ ಮೂಳೆಗೆ ಗೊತ್ತಿತ್ತು. ಆಟಗಾರರೂ ಮನುಷ್ಯರೇ ತಾನೆ? ನಿನ್ನೆ ರಾತ್ರಿ ಒಂದು ಊರಲ್ಲಿ ಆಡಿ, ನಡುರಾತ್ರಿ ವಿಮಾನ ಹತ್ತಿ, ಬೆಳಗಿನ ಜಾವ ಇನ್ನೊಂದು ಊರಿನ ಹೋಟೆಲಿನಲ್ಲಿ ಮಲಗಿ, ಇವತ್ತು ಮತ್ತೆ ಆಡಬೇಕಾದವರು ಆಟದ ಮೂರನೇ ಕಾಲುಭಾಗದವರೆಗೆ ಹೇಗೋ ಎಳೆಯುತ್ತಾರೆ, ಆಮೇಲೆ ಅವರ ಕಾಲು ನೆಲ ಬಿಟ್ಟು ಏಳುವುದಿಲ್ಲ. ಎರಡು ವಾರ ಊರೂರು ತಿರುಗಿ ಮನೆಗೆ ಬಂದ ತಂಡವಂತೂ ಮೊದಲ ಆಟದಲ್ಲಿ ಮಂಕು ಕವಿದಂತೆ ಆಡುತ್ತದೆ. ಹೆಂಡತಿ, ಮಕ್ಕಳು, ಕೆಟ್ಟುಹೋದ ನಲ್ಲಿ ಎಲ್ಲ ಆ ಒಂದೇ ದಿನ ಮೈಮೇಲೆ ಬಿದ್ದಿರುತ್ತವೆ. ಇದನ್ನೆಲ್ಲ ವರ್ಲಿನ್ ಆಟಗಳ ವೇಳಾಪಟ್ಟಿ ನೋಡಿಯೇ ಹೇಳುತ್ತಿದ್ದ. ಯಾರು ಎಷ್ಟು ಪಾಯಿಂಟ್ ಹೊಡೆದರು ಎಂಬುದರ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ.

ಕ್ಯಾಸಿನೊದವರು ನೋಡುತ್ತಿದ್ದದ್ದು ಅದೊಂದನ್ನೇ. ಪ್ರತಿ ಆಟಕ್ಕೂ ಅವರು ಒಂದು ಅಂತರ ಕಟ್ಟುತ್ತಾರೆ, ಬಲವಾದ ತಂಡ ಇಷ್ಟು ಪಾಯಿಂಟಿನ ಮೇಲೆ ಗೆಲ್ಲಬೇಕು ಎಂದು. ಅದಕ್ಕಿಂತ ಕಡಿಮೆಯಲ್ಲಿ ಗೆದ್ದರೆ, ಇಲ್ಲವೇ ಸೋತೇಬಿಟ್ಟರೆ, ದುರ್ಬಲ ತಂಡದ ಮೇಲೆ ಕಟ್ಟಿದವನಿಗೆ ದುಡ್ಡು. ಆ ಕಾಲದಲ್ಲಿ ಈ ಅಂತರ ಹುಟ್ಟುತ್ತಿದ್ದದ್ದು ಬರೀ ಅಂಕಿಅಂಶದಿಂದ. ದಣಿವಿಗೆ ಅಲ್ಲಿ ಜಾಗವೇ ಇರಲಿಲ್ಲ. ಆ ಸಂದಿಯಲ್ಲಿ ವರ್ಲಿನ್ ಹತ್ತು ಹದಿನೈದು ವರ್ಷ ಹಾಯಾಗಿ ಬದುಕಿದ. ಬಾಜಿ ಕೋಣೆಯಲ್ಲಿ ಅವನ ಪಕ್ಕದ ಕುರ್ಚಿಯ ಬರ್ಲ್ ಟೀಗ್, ನಿವೃತ್ತ ಕೊಳಾಯಿ ರಿಪೇರಿಯವನು, ಅಂಕಿಗಳ ಭಕ್ತ, ದಿನವೂ ಪತ್ರಿಕೆ ಹರಡಿಕೊಂಡು ಲೆಕ್ಕ ಹಾಕಿ ದಿನವೂ ಸೋಲುತ್ತಿದ್ದ. ನೀನು ಆಟಗಾರನ ಕೈ ನೋಡ್ತೀಯ, ನಾನು ಅವನ ಹಾಸಿಗೆ ನೋಡ್ತೀನಿ ಎಂದು ವರ್ಲಿನ್ ಅವನನ್ನು ರೇಗಿಸುತ್ತಿದ್ದ.

ಇಷ್ಟಕ್ಕೇ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ವಿದ್ಯೆ ಇದ್ದವನಿಗೆ ಬಾಯಿ ಸುಮ್ಮನಿರುತ್ತದೆಯೇ? ಕೌಂಟರಿನಲ್ಲಿ ಚೀಟಿ ಹರಿಯುತ್ತಿದ್ದ ಟಿಯೊಡೊರಾ ಬಲೂಯಟ್ ಎಂಬ ಹುಡುಗಿಗೆ ಅವನು ಎಲ್ಲವನ್ನೂ ಬಿಚ್ಚಿಟ್ಟ. ಫಿಲಿಪ್ಪೀನ್ಸಿನಿಂದ ಬಂದ ಮನೆತನ, ಬ್ಯಾಸ್ಕೆಟ್‌ಬಾಲ್ ಅಂದರೆ ಅನ್ನ ಬಿಡುವ ಜನ. ಎಲ್ಲರ ಬಾಯಲ್ಲೂ ಅವಳು ಟೆಡ್ಡಿ. ಅವಳು ಮಾತ್ರ ವರ್ಲಿನ್‌ನನ್ನು ತಮ್ಮ ಮನೆಮಾತಿನಲ್ಲಿ ಟೀಟೊ, ಅಂದರೆ ಮಾವ, ಎಂದು ಕರೆಯುತ್ತಿದ್ದಳು. ಮಕ್ಕಳಿಲ್ಲದ ಗಂಡಸು ಆ ಒಂದು ಮಾತಿಗೆ ಕರಗಿ ನೀರಾದ. ಅವಳ ಊಟದ ಬಿಡುವಿನಲ್ಲಿ ಎದುರು ಕುಳಿತು, ಕರಿದ ಆಲೂಗಡ್ಡೆಯನ್ನು ತಟ್ಟೆಯ ಮೇಲೆ ಊರುಗಳ ಹಾಗೆ ಜೋಡಿಸಿ, ಯಾವ ಪ್ರಯಾಣ ಯಾರನ್ನು ಹೇಗೆ ಹಿಂಡುತ್ತದೆ ಎಂದು ತೋರಿಸುತ್ತಿದ್ದ. ಒಂದು ರಾತ್ರಿಯ ನಿದ್ದೆಗೆ ಎಷ್ಟು ಪಾಯಿಂಟ್ ಬೆಲೆ ಎಂದು ಅವಳು ಕೇಳಿದಾಗ ವರ್ಲಿನ್ ಹೊಟ್ಟೆ ಹಿಡಿದು ನಕ್ಕ. ದಣಿವನ್ನು ಅಳೆಯುವ ತಕ್ಕಡಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ ಮಗಳೇ ಎಂದ.

ಟೆಡ್ಡಿ ನಗಲಿಲ್ಲ. ಸಂಜೆ ಕಾಲೇಜಿಗೆ ಸೇರಿ ಸಂಖ್ಯಾಶಾಸ್ತ್ರ ಓದಿದಳು. ಕೌಂಟರಿನಿಂದ ಒಳಗಿನ ಕೋಣೆಗೆ ಹೋದಳು, ಅಲ್ಲಿಂದ ಅಂತರ ಕಟ್ಟುವವರ ಪೈಕಿ ಒಬ್ಬಳಾದಳು, ಕೊನೆಗೆ ಅವರಿಗೆಲ್ಲ ಮುಖ್ಯಸ್ಥೆಯಾದಳು. ನಮ್ಮ ಹುಡುಗಿ ಎಂದು ವರ್ಲಿನ್ ಕಂಡಕಂಡವರ ಹತ್ತಿರ ಹೇಳಿಕೊಂಡು ತಿರುಗಿದ.

ವರ್ಷಕ್ಕೊಮ್ಮೆ, ನವೆಂಬರಿನಲ್ಲಿ, ವರ್ಲಿನ್‌ನದೊಂದು ಹಬ್ಬ ನಡೆಯುತ್ತಿತ್ತು. ಬ್ಯಾಸ್ಕೆಟ್‌ಬಾಲಿನ ಹೊಸ ಋತುವಿನಲ್ಲಿ ಚೆನ್ನಾಗಿ ಬಳಲಿದ ಮೊದಲ ತಂಡ ಕಣ್ಣಿಗೆ ಬಿದ್ದ ದಿನ, ಮನೆಯಲ್ಲಿ ಆಪತ್ತಿಗೆಂದು ಇಟ್ಟಿದ್ದ ಎರಡು ಸಾವಿರ ಡಾಲರನ್ನು ಲೋರ್ನಾಳೇ ಡ್ರಾಯರಿನಿಂದ ತೆಗೆದುಕೊಡುತ್ತಿದ್ದಳು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅವನು ಕೌಂಟರಿಗೆ ಹೋಗಿ, ಎಲ್ಲರಿಗೂ ಕೇಳುವ ಹಾಗೆ, ಎರಡು ಸಾವಿರ ಎನ್ನುತ್ತಿದ್ದ. ನಿಮಗೆ ಮುನ್ನೂರೇ ಹ್ಯಾಚ್ ಅವರೇ ಎಂದು ಉತ್ತರ ಬರುತ್ತಿತ್ತು. ಕುರ್ಚಿಗಳಲ್ಲಿ ಕೂತವರು ಹೋ ಎಂದು ನಗುತ್ತಿದ್ದರು. ವರ್ಲಿನ್ ದುಡ್ಡನ್ನು ಮತ್ತೆ ಜೇಬಿಗಿಳಿಸಿ ಮನೆಗೆ ಬಂದು ಡ್ರಾಯರಿಗೆ ಹಾಕುತ್ತಿದ್ದ. ಆ ರಾತ್ರಿ ಗಂಡಹೆಂಡಿರು ಹೊರಗೆ ಊಟ ಮಾಡುತ್ತಿದ್ದರು.

ಈಚಿನ ಕೆಲವು ವರ್ಷಗಳಲ್ಲಿ ಅವನು ಸೋಲತೊಡಗಿದ್ದ. ದಣಿದ ತಂಡ ದಣಿದೇ ಇರುತ್ತಿತ್ತು, ದುಡ್ಡು ಮಾತ್ರ ಬರುತ್ತಿರಲಿಲ್ಲ. ಕೆಟ್ಟ ಗಾಳಿ ಬೀಸಿದೆ, ಹೋಗುತ್ತದೆ ಎಂದುಕೊಂಡ. ಲೋರ್ನಾಳ ಹತ್ತಿರ ಬಾಯಿ ಬಿಡಲಿಲ್ಲ. ಮುನ್ನೂರು ಇನ್ನೂ ಮುನ್ನೂರಾಗಿಯೇ ಇದೆಯಲ್ಲ, ಅವರಿಗೆ ಹೆದರಿಕೆ ಹೋಗಿಲ್ಲ ಎಂದು ಸಮಾಧಾನ ಮಾಡಿಕೊಂಡ.

ಆ ನವೆಂಬರಿನ ಹಬ್ಬದ ದಿನ ಸಿಕ್ಕ ಆಟ ಎಂಥದ್ದು ಅಂದರೆ, ವರ್ಲಿನ್ ಬೆಳಗಿನಿಂದ ಕುಣಿಯುತ್ತಿದ್ದ. ಮಿಲ್ವಾಕಿ ತಂಡ ಹಿಂದಿನ ರಾತ್ರಿ ಎತ್ತರದ ಊರಾದ ಡೆನ್ವರಿನ ತೆಳುಗಾಳಿಯಲ್ಲಿ ಹೆಚ್ಚುವರಿ ಸಮಯದವರೆಗೂ ಆಡಿ, ಅದೇ ರಾತ್ರಿ ಬೆಟ್ಟ ದಾಟಿ ಸಾಲ್ಟ್ ಲೇಕಿಗೆ ಬಂದಿತ್ತು. ಸಾಲ್ಟ್ ಲೇಕಿನದೇ ಆದ ಯೂಟಾ ತಂಡ ಮೂರು ದಿನದಿಂದ ಮನೆಯಲ್ಲೇ ಕಾಲು ಚಾಚಿಕೊಂಡಿತ್ತು. ಅಂಕಿಅಂಶ ನೋಡಿದರೆ ಮಿಲ್ವಾಕಿ ಐದು ಪಾಯಿಂಟಿನಿಂದ ಗೆಲ್ಲಬೇಕಾದ ಬಲಾಢ್ಯ ತಂಡ. ಬೋರ್ಡಿನ ಮೇಲಿದ್ದ ಅಂತರ ಬರೀ ಒಂದು.

“ನೋಡಿದ್ಯಾ? ಕ್ಯಾಸಿನೊದವರಿಗೇ ನಡುಕ ಹುಟ್ಟಿದೆ. ನಾನು ಹೇಳೋದನ್ನೇ ಬೋರ್ಡೂ ಹೇಳ್ತಿದೆ,” ಎಂದ ವರ್ಲಿನ್.

ಬರ್ಲ್ ಪತ್ರಿಕೆಯಿಂದ ತಲೆ ಎತ್ತಿದ. “ಲೋ ವರ್ಲಿನ್, ನಿನ್ನ ಮಾತನ್ನೇ ಹೇಳ್ತಿದ್ರೆ ನಿನಗೇನೋ ಉಳೀತು? ದಣಿವಿಗೆ ಅಂತ ನಾಲ್ಕು ಪಾಯಿಂಟ್ ಆಗ್ಲೇ ಕಳೆದು ಇಟ್ಟಿದಾರೆ. ನೀನು ಮತ್ತೆ ಅದನ್ನೇ ಕೊಂಡ್ಕೊಳ್ಳೋಕೆ ಹೊರಟಿದೀಯ.”

ಜೀವಮಾನವೆಲ್ಲ ಸೋತ ಬರ್ಲ್ ಬಾಯಲ್ಲಿ ಅಂದೊಂದು ದಿನ ನಿಜ ಬಂದಿತ್ತು. ಕೇಳುವ ಕಿವಿ ಬೇಕಲ್ಲ! ಕೊಳಾಯಿ ಬಿಚ್ಚುವವನಿಗೆ ಇದೆಲ್ಲ ಅರ್ಥವಾಗುವುದಿಲ್ಲ ಬಿಡು ಎಂದು ವರ್ಲಿನ್ ಅಂಗಿ ಸರಿಮಾಡಿಕೊಂಡು ಕೌಂಟರಿಗೆ ನಡೆದ. ಟೆಡ್ಡಿಯೇ ಅಲ್ಲಿ ನಿಂತಿದ್ದಳು. ಹಬ್ಬಕ್ಕೆ ಕಳೆ ಬಂತು ಎಂದು ಅವನಿಗೆ ಇನ್ನೂ ಖುಷಿಯಾಯಿತು. ದುಡ್ಡಿನ ಸುರುಳಿಯನ್ನು ಟಪ್ಪನೆ ಕೌಂಟರಿನ ಕಲ್ಲಿನ ಮೇಲಿಟ್ಟ.

“ಯೂಟಾ ಮೇಲೆ. ಎರಡು ಸಾವಿರ.”

ಟೆಡ್ಡಿ ಒಂದು ಕ್ಷಣ ಅವನ ಮುಖವನ್ನೇ ನೋಡಿದಳು. “ಆಗ್ಲಿ ಟೀಟೊ. ಚೀಟಿ ಹರೀಲಾ?”

ಹಿಂದೆ ನಗಲು ಬಾಯಿ ತೆರೆದಿದ್ದವರು ಹಾಗೆಯೇ ಉಳಿದರು. ವರ್ಲಿನ್ ಕೌಂಟರಿನ ಮೇಲೆ ಬಗ್ಗಿದ. ಮುನ್ನೂರಲ್ಲವೇ ಎಂದು ಮೆಲ್ಲಗೆ ಕೇಳಿದ. ಈ ತಿಂಗಳಿನಿಂದ ಅದು ಇಲ್ಲ, ಎಷ್ಟು ಬೇಕಾದರೂ ಕಟ್ಟಬಹುದು ಎಂದು ಅವಳೂ ಮೆಲ್ಲಗೇ ಹೇಳಿದಳು. ದುಡ್ಡು ಕಲ್ಲಿನ ಮೇಲಿತ್ತು. ಇಡೀ ಕೋಣೆ ನೋಡುತ್ತಿತ್ತು. ಈಗ ಕೈ ಹಿಂದಕ್ಕೆ ಎಳೆದುಕೊಂಡರೆ ಇಷ್ಟು ವರ್ಷದ ಹಬ್ಬವೆಲ್ಲ ನಾಟಕ ಎಂದು ಒಪ್ಪಿಕೊಂಡ ಹಾಗೆ. ಅವನು ಹೂಂ ಎಂದ.

ಆಟ ಪೂರ್ತಿ ನಿಂತುಕೊಂಡೇ ನೋಡಿದ. ಮಿಲ್ವಾಕಿಯವರು ದಣಿದಂತೆ ಕಾಣಲೇ ಇಲ್ಲ. ಈಗಿನ ತಂಡಗಳಿಗೆ ಸ್ವಂತ ವಿಮಾನ, ಹಾಸಿಗೆಯಾಗುವ ಸೀಟು, ನಿದ್ದೆ ಮಾಡಿಸುವುದಕ್ಕೇ ಒಬ್ಬ ಡಾಕ್ಟರು; ವರ್ಲಿನ್‌ನ ಲಾರಿಯ ದಣಿವು ಅವರಿಗೆಲ್ಲಿಂದ ಬರಬೇಕು? ಕೊನೆಗೆ ಮಿಲ್ವಾಕಿಯವನೊಬ್ಬ ಕಣ್ಣು ಮುಚ್ಚಿ ಹಾಕಬಹುದಾದ ಚೆಂಡನ್ನು ತಪ್ಪಿಸಿದ, ಯೂಟಾದವನೊಬ್ಬ ದೂರದಿಂದ ಸುಮ್ಮನೆ ಎಸೆದದ್ದು ಬುಟ್ಟಿಗೆ ಬಿತ್ತು, ಯೂಟಾ ಎರಡು ಪಾಯಿಂಟಿನಿಂದ ಗೆದ್ದಿತು. ಜನ ವರ್ಲಿನ್‌ನ ಬೆನ್ನು ಗುದ್ದಿ ಕೇಕೆ ಹಾಕಿದರು. ಗೆದ್ದದ್ದು ತನ್ನ ವಿದ್ಯೆಯಲ್ಲ, ಬರೀ ಅದೃಷ್ಟ ಎಂದು ಆ ಕೋಣೆಯಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ಆದರೂ ಒಂದು ಆಸೆ ಇತ್ತು. ಚೀಟಿ ಹಿಡಿದುಕೊಂಡು ಕೌಂಟರಿಗೆ ಓಡಿದ.

“ಗೆದ್ದೆ ನೋಡು ಮಗಳೇ. ಇನ್ನು ನಾಳೆಯಿಂದ ಮತ್ತೆ ಮುನ್ನೂರು ತಾನೆ?”

ಟೆಡ್ಡಿ ನೋಟುಗಳನ್ನು ನೀಟಾಗಿ ಜೋಡಿಸಿ ಮುಂದಿಟ್ಟಳು. “ಇಲ್ಲ ಟೀಟೊ. ನಾಳೆಯೂ ಬನ್ನಿ, ಎಷ್ಟಾದ್ರೂ ಕಟ್ಟಿ.”

“ಯಾಕೆ? ಗೆದ್ದವನಿಗೆ ತಾನೇ ಮಿತಿ ಹಾಕೋದು?”

“ಇವತ್ತು ಗೆದ್ರಿ. ನಾಲ್ಕು ವರ್ಷದಿಂದ ಸೋತಿದೀರಿ. ನೀವು ಹೇಳಿಕೊಟ್ಟ ದಣಿವೆಲ್ಲ ನಾನು ಅಂತರದ ಒಳಗೇ ಸೇರಿಸಿಬಿಟ್ಟಿದೀನಿ, ಟೀಟೊ. ನೀವು ಅದನ್ನೇ ಇನ್ನೊಂದ್ಸಲ ಎಣಿಸ್ತಿದೀರಿ.” ಅವಳು ಸುತ್ತ ನೋಡಿ ದನಿ ತಗ್ಗಿಸಿದಳು. “ಎರಡು ವರ್ಷದ ಹಿಂದೆಯೇ ನಿಮ್ಮ ಮಿತಿ ತೆಗೆಯಿರಿ ಅಂದಿದ್ರು. ನಿಮ್ಮ ಮುಖ ನೋಡಿ ನಾನೇ ಹಾಗೇ ಬಿಟ್ಟಿದ್ದೆ. ಈಗ ಮೇಲಿನವರು ಬಿಡ್ತಾ ಇಲ್ಲ.”

ವರ್ಲಿನ್ ಜೀವನದಲ್ಲಿ ಯಾರ ಮುಂದೆಯೂ ಕೈಯೊಡ್ಡಿದವನಲ್ಲ. ಅಂದು ಒಡ್ಡಿದ. ಬರೀ ಬಾಯಿಮಾತಿಗೆ, ಜನರೆದುರಿಗೆ ಹೇಳುವುದಕ್ಕೆ ಮಾತ್ರ ಮುನ್ನೂರು ಎಂದು ಇರಲಿ, ಅದರ ಮೇಲೆ ತಾನು ಕಟ್ಟುವುದೇ ಇಲ್ಲ ಎಂದು ಬೇಡಿಕೊಂಡ. ಟೆಡ್ಡಿಯ ಕಣ್ಣು ತುಂಬಿತು. ಆದರೂ ಆಗುವುದಿಲ್ಲ ಎಂದಳು. ಎರಡು ವರ್ಷ ತನಗೆ ಸಿಕ್ಕಿದ್ದು ಮರ್ಯಾದೆಯಲ್ಲ, ಒಬ್ಬ ಹುಡುಗಿಯ ಕನಿಕರ ಎಂಬುದು ಅವನಿಗೆ ಸೋಲಿಗಿಂತ ಹೆಚ್ಚು ಉರಿಯಿತು.

ಮನೆಯಲ್ಲಿ ದುಡ್ಡನ್ನು ಸದ್ದಿಲ್ಲದೆ ಡ್ರಾಯರಿಗೆ ಸೇರಿಸಲು ಹೋದ. ಲೋರ್ನಾ ಬಾಗಿಲಲ್ಲಿ ನಿಂತಿದ್ದಳು. ಸುರುಳಿ ಹೆಚ್ಚುಕಡಿಮೆ ದುಪ್ಪಟ್ಟು ದಪ್ಪಗಾಗಿತ್ತು. ಬೇರೆ ಹೆಂಗಸಾಗಿದ್ದರೆ ಹಿಗ್ಗುತ್ತಿದ್ದಳು.

“ಅಂದ್ರೆ ನಿನ್ನ ದುಡ್ಡು ತಗೊಂಡ್ರಾ?” ಎಂದಳು.

ಅವನು ಏನೇನೋ ಹೇಳಿದ. ಮ್ಯಾನೇಜರು ಬದಲಾಗಿದ್ದಾನೆ, ಹೊಸ ಕಾನೂನು ಬಂದಿದೆ, ಎಲ್ಲರಿಗೂ ಹಾಗೇ ಮಾಡಿದ್ದಾರೆ. ಲೋರ್ನಾ ಕೂಗಾಡಲಿಲ್ಲ. ಇನ್ನೂ ಎರಡು ಕಡೆ ನಿನಗೆ ಮಿತಿ ಇತ್ತಲ್ಲ, ನಾಳೆ ಹೋಗಿ ನೋಡೋಣ, ಒಬ್ಬರಾದರೂ ನಿನ್ನ ದುಡ್ಡು ಬೇಡ ಅಂದರೆ ನಾನು ಈ ಮಾತನ್ನೇ ಎತ್ತುವುದಿಲ್ಲ ಎಂದಳು. ಅದು ನ್ಯಾಯವಾದ ಮಾತೇ ಆಗಿತ್ತು. ವರ್ಲಿನ್‌ಗೆ ಇಲ್ಲ ಎನ್ನಲು ದಾರಿ ಇರಲಿಲ್ಲ.

ಮರುದಿನ ಮಧ್ಯಾಹ್ನ ಅವಳೇ ಕಾರು ಓಡಿಸಿದಳು. ಮೊದಲು ಹೆಂಡರ್ಸನ್ನಿನ ಕ್ಯಾಸಿನೊ. ಅಲ್ಲಿ ವರ್ಲಿನ್ ಒಂದು ಕಾಲದಲ್ಲಿ ನೂರರ ಮೇಲೆ ಕಟ್ಟುವ ಹಾಗಿರಲಿಲ್ಲ. ಒಳಗೆ ಹೋದವನು ಕಾಫಿ ಕುಡಿಯುವಷ್ಟು ಹೊತ್ತೂ ಆಗದೆ ಹೊರಗೆ ಬಂದು, ಇಲ್ಲೂ ಮಿತಿ ತೆಗೆದಿದ್ದಾರೆ ಎಂದು ತಲೆಯಾಡಿಸಿ ಕಾರು ಹತ್ತಿದ. ಲೋರ್ನಾ ಎರಡನೇ ಕ್ಯಾಸಿನೊ ಇದ್ದ ಫ್ರೀಮಾಂಟ್ ರಸ್ತೆಗೆ ತಿರುಗಿಸಿದಳು.

ಅಲ್ಲಿ ಸ್ವಲ್ಪ ತಡವಾಯಿತು. ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಲೋರ್ನಾಗೂ ಒಂಚೂರು ಆಸೆ ಹುಟ್ಟಿತ್ತೋ ಏನೋ, ಬಾಗಿಲ ಕಡೆಗೇ ನೋಡುತ್ತ ಕೂತಿದ್ದಳು. ವರ್ಲಿನ್ ಬಂದು ಪಕ್ಕದಲ್ಲಿ ಕುಳಿತ. ಸುಳ್ಳು ಹೇಳಬಹುದಿತ್ತು, ಬೇಡ ಅಂದರು ಎನ್ನುವ ಒಂದೇ ಮಾತು ಸಾಕಿತ್ತು. ಆದರೆ ಅವನ ಕೈಯಲ್ಲಿ ಬಣ್ಣದ ಕಾಗದವೊಂದಿತ್ತು, ಅದನ್ನು ಬಚ್ಚಿಡಲು ಅವನಿಗೆ ಹೊಳೆದಿರಲೇ ಇಲ್ಲ.

“ಎಷ್ಟು ಕೊಟ್ರೂ ತಗೋತಾರಂತೆ,” ಎಂದ. “ಮ್ಯಾನೇಜರೇ ಎದ್ದು ಬಂದು ಕೈ ಕುಲುಕಿದ. ಪುಕ್ಕಟೆ ಊಟದ ಕೂಪನ್ ಕೊಟ್ಟಿದಾನೆ. ಇಬ್ಬರಿಗೂ.”

ಲೋರ್ನಾ ಆ ಕಾಗದವನ್ನು ತೆಗೆದುಕೊಂಡು, ಎರಡೂ ಕಡೆ ತಿರುಗಿಸಿ ನೋಡಿ, ಅವನ ಮಡಿಲಲ್ಲಿಟ್ಟಳು.

“ನೀನು ಹೋಗಿ ತಿನ್ಕೊಂಡು ಬಾ. ನಾನು ನಮ್ಮಪ್ಪನ ಮನೇಲಿದ್ದಾಗ ಇದನ್ನ ಬೇಕಾದಷ್ಟು ತಿಂದಿದೀನಿ.”