ಮೂಳೆಯ ಜೀವಕೋಶಗಳಿಗೆ ಟೀ ಕುಡಿಸುವ ಕಲಾವತಿ

ಸೋಲದೇವನಹಳ್ಳಿಯ ಒಂದು ಕಾಲೇಜಿನಲ್ಲಿ ಇಷ್ಟು ಬೆಳಿಗ್ಗೆ ಕಾವಲುಗಾರನನ್ನು ಬಿಟ್ಟರೆ ಯಾರೂ ಇಲ್ಲ. ಹೆಸರಘಟ್ಟ ರಸ್ತೆಯಲ್ಲಿ ಮೊದಲ ಬಸ್ಸುಗಳ ಓಡಾಟ ಈಗಷ್ಟೇ ಶುರುವಾಗಿದೆ. ಮಹಡಿಯ ಪ್ರಯೋಗಾಲಯದಲ್ಲಿ ಕಲಾವತಿ ಬಳೆ ಬಿಚ್ಚಿಟ್ಟು, ಮೊಣಕೈವರೆಗೂ ತೊಳೆದುಕೊಂಡು, ಗ್ಲೌಸ್ ಏರಿಸಿ, ಕಾವುಪೆಟ್ಟಿಗೆಯ ಗಾಜಿನ ಬಾಗಿಲಿಗೆ ಬಗ್ಗುತ್ತಾರೆ. ಒಳಗಿನ ಪುಟ್ಟ ತಟ್ಟೆಗಳಲ್ಲಿ ನಸುಗೆಂಪು ದ್ರವ.

"ಇದು ಅಳದಿಗೆ ತಿರುಗಿದ್ರೆ ಅವಕ್ಕೆ ಒಟ್ಟೆ ಅಸ್ದೈತೆ ಅಂತ. ಇವತ್ತು ಚೆನ್ನಾಗವೆ," ಎನ್ನುತ್ತಾರೆ, ತೊಟ್ಟಿಲು ನೋಡಿ ಬಂದವರಂತೆ.

ಹಸಿಯುವುದು ಮೂಳೆ ಕಟ್ಟುವ ಜೀವಕೋಶಗಳಿಗೆ. ಟೀ, ದ್ರಾಕ್ಷಿ ರಸ, ನೆಲ್ಲಿಕಾಯಿ ರಸ ನಾಲಿಗೆಗೆ ಒಗರೆನಿಸುವುದು ಪಾಲಿಫಿನಾಲ್ ಎಂಬ ಸಸ್ಯದ ಅಂಶಗಳಿಂದ. ಅವು ಈ ಕೋಶಗಳಿಗೆ ಏನು ಮಾಡುತ್ತವೆ ಎಂದು ಹುಡುಕುತ್ತಿರುವವರು ಸಂಶೋಧಕಿ ರಾಧಾಮಣಿ. ಟೀ ಕಾಯಿಸಿ ಸೋಸುವುದು, ಗಾಜಿನ ಸಾಮಾನು ತೊಳೆದು ಹಬೆಯಲ್ಲಿ ಬೇಯಿಸುವುದು, ದಿನ ಬಿಟ್ಟು ದಿನ ಕೋಶಗಳ ಆಹಾರವಾದ ಹಳೆಯ ದ್ರವ ತೆಗೆದು ಹೊಸದು ಹಾಕುವುದು ಕಲಾವತಿಯ ಪಾಲು.

ಗಂಡ ಆನಂದಪ್ಪ ತೀರಿಕೊಂಡ ವರ್ಷ, 2009ರಲ್ಲಿ, ಅವರು ಇಲ್ಲಿ ಕಸ ಗುಡಿಸಲು ಸೇರಿದವರು. ಕೋಶಗಳು ಕೈಗೆ ಬಂದದ್ದು ಕಳೆದ ವರ್ಷ, ಒಂದು ಬಂದ್ ದಿನ. ಬಸ್ಸಿಲ್ಲದೆ ಹೆಬ್ಬಾಳದಲ್ಲಿ ಸಿಕ್ಕಿಬಿದ್ದ ರಾಧಾಮಣಿ ಫೋನಿನಲ್ಲೇ ಒಂದೊಂದಾಗಿ ಹೇಳುತ್ತಾ ಹೋದರು, ಇವರು ಮಾಡುತ್ತಾ ಹೋದರು. "ಅಂಗೇ ಬಿಟ್ರೆ ಸತ್ತೋಗ್ತವಲ್ಲ, ಇನ್ನೇನ್ ಮಾಡೋದು?" ಮರುದಿನ ರಾಧಾಮಣಿ ಬಂದು ನೋಡಿದಾಗ ಒಂದು ತಟ್ಟೆಯೂ ಕೆಟ್ಟಿರಲಿಲ್ಲ. ಅಂದಿನಿಂದ ಆ ಕೆಲಸ ಕಲಾವತಿಯದೇ ಆಯಿತು.

ಈ ವರ್ಷ, 2017ರ ಬೇಸಿಗೆಯಲ್ಲಿ, ತಾಯಿ ಮುನಿಯಲ್ಲಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಮೂಳೆ ಟೊಳ್ಳಾಗಿದೆ ಎಂದು ಡಾಕ್ಟರು ಮಾತ್ರೆ ಬರೆದರು. ಅದೇ ವಾರ ಪ್ರಯೋಗಾಲಯದಲ್ಲಿ ಟೀ ಸೇರಿಸಿದ ತಟ್ಟೆಗಳ ಕೋಶಗಳು ಮೂಳೆಯನ್ನು ಗಟ್ಟಿ ಮಾಡುವ ಸುಣ್ಣವನ್ನು ಹೆಚ್ಚು ಕಟ್ಟಿದ್ದವು. ಕಲಾವತಿ ಆ ಸಂತೋಷವನ್ನು ಮನೆಗೆ ತಂದರು. ಕೆಲವು ವಾರ ಕಳೆದು ದೇವರ ಪಟ ಒರೆಸಲು ಎತ್ತಿದರೆ, ಹಿಂದೆ ಮಾತ್ರೆಗಳು ಹಾಗೇ ಇವೆ.

"ಟೀ ಕುಡಿದ್ರೆ ಮೂಳೆ ಬೆಳಿತದೆ ಅಂತ ನೀನೇ ತಾನೆ ಏಳಿದ್ದು?" ಎಂದರು ತಾಯಿ. ಹಾಲಿಲ್ಲದ ಕಡು ಟೀಯನ್ನು ಹೊತ್ತುಹೊತ್ತಿಗೂ ಕುಡಿಯುತ್ತಿದ್ದರಂತೆ.

ಹೇಳಿದರೆ ಕೇಳುವ ಜೀವವಲ್ಲ. ರಾಧಾಮಣಿಯವರ ಒಪ್ಪಿಗೆ ಪಡೆದು, ಕಲಾವತಿ ತಾಯಿಯನ್ನು ಆಟೋದಲ್ಲಿ ಪ್ರಯೋಗಾಲಯಕ್ಕೇ ಕರೆತಂದರು. ಬ್ಯಾಂಡೇಜಿನ ಕೈಯನ್ನು ಎದೆಗೊತ್ತಿಕೊಂಡು ಮುನಿಯಲ್ಲಮ್ಮ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ಟೀ ಕೊಂಚವೇ ಹಾಕಿದ್ದ ತಟ್ಟೆಯಲ್ಲಿ ಸುಣ್ಣ ಕಟ್ಟಿದ ಕಡೆಯೆಲ್ಲ ಬಣ್ಣ ಹಿಡಿದು ಕೆಂಪು ಚುಕ್ಕೆಗಳು. ಹೆಚ್ಚು ಹಾಕಿದ್ದ ಇನ್ನೊಂದರಲ್ಲಿ ಮುದುಡಿದ ಚೂರುಗಳು, ಮಿಕ್ಕಿದ್ದೆಲ್ಲ ಖಾಲಿ.

"ಟೀ ಜಾಸ್ತಿ ಆಗಿ ಸತ್ತೋದ್ವಾ?"

"ಹೌದು ಅಜ್ಜಿ," ಎಂದರು ರಾಧಾಮಣಿ. "ಇದೂ ಬರೀ ತಟ್ಟೇಲಿ ನಡೆದಿದ್ದು. ನೀವು ಕುಡಿದ ಟೀ ಮೂಳೆವರೆಗೂ ಎಷ್ಟು ಹೋಗುತ್ತೆ, ಅಲ್ಲಿ ಏನ್ ಮಾಡುತ್ತೆ, ನಮಗಿನ್ನೂ ಗೊತ್ತಿಲ್ಲ. ಮಾತ್ರೆ ಮಾತ್ರ ಬಿಡಬೇಡಿ."

ಮುದುಕಿ ಖಾಲಿ ತಟ್ಟೆಯನ್ನೇ ಬಹಳ ಹೊತ್ತು ನೋಡಿದರು. ಮನೆ ಸೇರಿ ಊಟ ಮುಗಿದ ಮೇಲೆ ಮಗಳನ್ನು ಕರೆದು, "ಆ ಮಾತ್ರೆ ತತ್ತಾ, ನೀರೂ ತಾ," ಎಂದರು.

"ಈಗ ಬೆಳಿಗ್ಗೆಗೊಂದು ಟೀ, ಸಾಯಂಕಾಲಕ್ಕೊಂದು. ಮೂರ್ನೇದು ಕೇಳಿದ್ರೆ ಆ ತಟ್ಟೆ ಗ್ಯಾಪ್ಕ ಮಾಡ್ತೀನಿ," ಎಂದು ಕಲಾವತಿ ನಗುತ್ತಾರೆ. ಮಣಿಕಟ್ಟು ಕೂಡಿದೆ. ಮುನಿಯಲ್ಲಮ್ಮ ಮತ್ತೆ ಬಾಗಿಲಿಗೆ ರಂಗೋಲಿ ಬಿಡುತ್ತಿದ್ದಾರೆ.

ರಾಧಾಮಣಿಯವರ ಸಂಶೋಧನೆ ಮುಗಿಯುತ್ತಾ ಬಂದಿದೆ. ಉಳಿದ ಕೋಶಗಳನ್ನು ಸಣ್ಣ ಸೀಸೆಗಳಲ್ಲಿ ತುಂಬಿ ಕೊರೆಯುವ ದ್ರವ ಸಾರಜನಕದ ಡಬ್ಬಿಗೆ ಇಳಿಸುತ್ತಾರೆ. ಬೇಕೆಂದಾಗ, ವರ್ಷಗಳು ಕಳೆದರೂ, ಬೆಚ್ಚಗೆ ಮಾಡಿ ಎಬ್ಬಿಸಬಹುದು. ಹೊಸ ಕೆಲಸ ಸಿಕ್ಕರೆ ರಾಧಾಮಣಿ ಹೊರಟುಹೋಗುತ್ತಾರೆ. ಕಲಾವತಿ ಇಲ್ಲೇ ಇರುತ್ತಾರೆ.

ಏನಾದರೂ ಆಸೆ ಇದೆಯೇ ಎಂದರೆ ಗ್ಲೌಸ್ ಬಿಚ್ಚಿಟ್ಟು ಬಳೆ ಏರಿಸಿಕೊಳ್ಳುತ್ತಾರೆ.

"ಮುಂದೆ ಯಾರಾದ್ರೂ ಅವನ್ನ ಎಬ್ಸೋ ದಿನ ನನ್ನೂ ಕರೀಬೇಕು. ಕಣ್ ಬಿಟ್ಟಾಗ ಗುರ್ತಿರೋರು ಒಬ್ರಾದ್ರೂ ಪಕ್ಕದಾಗಿರ್ಬೇಕಲ್ವಾ?"