ಹಾಲು ಕುಡಿದ ಕೈಗಡಿಯಾರ

ಕುಂಬಾರಕೊಪ್ಪಲಿನ ಕೆಂಪಯ್ಯನಿಗೆ ಅಪ್ಪ ಅಮ್ಮ ಇಟ್ಟ ಹೆಸರೇ ಹಿಡಿಸಿರಲಿಲ್ಲ ಅಂದಮೇಲೆ ಬೇರೆ ಯಾವುದು ಹಿಡಿಸೀತು! ಕಾರುಗಳಿಗೆ ಬಣ್ಣ ಹೊಡೆಯುವ ಶೆಡ್ಡಿನಲ್ಲಿ ತನ್ನನ್ನು ಕೆಂಪರಾಜ್ ಅಂತಲೇ ಕರೆಯಬೇಕೆಂದು ಎಲ್ಲರಿಗೂ ತಾಕೀತು ಮಾಡಿದ್ದ. ಯಾರೂ ಕರೆಯುತ್ತಿರಲಿಲ್ಲ, ಅದು ಬೇರೆ ಮಾತು. ಕೂತಲ್ಲಿ ಕೂರುವ ಆಸಾಮಿಯಲ್ಲ ಅವನು. ಹೊಸ ಮಾದರಿಯ ಕಾರೊಂದು ಶೆಡ್ಡಿಗೆ ಬಂದರೆ ಸಾಕು, ಅದರ ಮೂತಿ ಸವರಿ, ಡ್ಯಾಷ್‌ಬೋರ್ಡಿನ ಮೀಟರುಗಳನ್ನು ಇಣುಕಿ ನೋಡಿ, ಆ ವಾರವೇ ದರ್ಜಿಯ ಹತ್ತಿರ ಓಡಿ ಪ್ಯಾಂಟಿನ ಕಾಲನ್ನು ಇನ್ನಷ್ಟು ಬಿಗಿ ಮಾಡಿಸಿಕೊಳ್ಳುತ್ತಿದ್ದ. ಗುಂಡಗಿನ ವಸ್ತುಗಳ ಕಾಲ ಮುಗಿಯಿತು, ಇನ್ನೇನಿದ್ದರೂ ಉದ್ದ, ತೆಳು, ಚೌಕ. ಇದು ಅರವತ್ತೊಂದನೇ ಇಸವಿಯ ಕೆಂಪಯ್ಯನ ಸಿದ್ಧಾಂತ.

ಆ ಸಿದ್ಧಾಂತಕ್ಕೆ ತಕ್ಕ ವಾಚೊಂದು ದೇವರಾಜ ಮಾರುಕಟ್ಟೆಯ ಎದುರಿನ ಅಂಗಡಿಯ ಗಾಜಿನ ಹಿಂದೆ ಕೂತಿತ್ತು. ಚೌಕ ಮುಖ, ಕಪ್ಪು ಮೈ, ಅಂಕಿಗಳ ಬದಲು ಬರೀ ಬೆಳ್ಳಿ ಗೀಟುಗಳು. ಯಾವುದೋ ದೊಡ್ಡ ಕಾರಿನಿಂದ ಮೀಟರು ಕಿತ್ತು ಪಟ್ಟಿ ಕಟ್ಟಿದ ಹಾಗಿತ್ತು. ಕೆಲಸ ಬಿಟ್ಟವನು ನೇರ ಅಲ್ಲಿಗೆ ಹೋಗಿ ನಿಲ್ಲುತ್ತಿದ್ದ. ಅಷ್ಟರಲ್ಲಿ ಕೆಸರೆಯ ದೇವಯ್ಯನವರ ಮಗಳು ಶಿವನಂಜಮ್ಮನ ಜೊತೆ ಮದುವೆ ಗೊತ್ತಾಯಿತು. ಗಂಡಿಗೆ ಹೆಣ್ಣಿನ ಕಡೆಯಿಂದ ವಾಚು ಬರುವುದು ಆಗಿನ ಪದ್ಧತಿ. ಇಂಥದ್ದೇ ಬೇಕು ಅಂತ ಬಾಯಿಬಿಟ್ಟು ಕೇಳಲು ನಾಚಿಕೆ, ಸುಮ್ಮನಿರಲು ಸಂಕಟ. ಕೊನೆಗೆ ಕೇಳಲೇ ಇಲ್ಲ.

ಬಂದದ್ದು ಗುಂಡನೆಯ ಬಿಳಿ ವಾಚು. ಅದರ ಅಂಕಿಗಳೋ, ಶಾಲೆಯ ಹಲಗೆಯ ಮೇಲೆ ಬರೆದಷ್ಟು ದಪ್ಪ. ಕೆಂಪಯ್ಯನಿಗೆ ಹೊಟ್ಟೆ ಉರಿದುಹೋಯಿತು. ಶೆಡ್ಡಿನವರ ಮುಂದೆ ಇದನ್ನು ಕಟ್ಟಿಕೊಂಡು ಹೋಗುವುದಾದರೂ ಹೇಗೆ! ಹಸೆಮಣೆ ಏರುವ ಹೊತ್ತಿಗೆ ಅವನ ತಲೆಯಲ್ಲಿ ಒಂದು ಉಪಾಯ ಕೂತುಬಿಟ್ಟಿತ್ತು. ಮದುವೆ ಮನೆಯಲ್ಲೇ ಇದು ಕೆಟ್ಟು ನಿಂತರೆ, ಮಾವ ಮರ್ಯಾದೆಗೆ ಅಂಜಿ ಬೇರೆಯದು ಕೊಡಿಸದೆ ಇರುತ್ತಾರೆಯೇ?

ಧಾರೆಯ ಹೊತ್ತಿಗೆ ಪುರೋಹಿತರು ವಾಚು ಬಿಚ್ಚಿಡಲು ಹೇಳಿದರು. ವಾಟರ್‌ಪ್ರೂಫು, ಏನೂ ಆಗುವುದಿಲ್ಲ ಅಂದ ಮದುಮಗ. ನೀರಿಗೇನೋ ಸರಿ, ಹಾಲಿಗೂ ಪ್ರೂಫಾ ಅಂತ ಯಾರೋ ಅಜ್ಜ ಛೇಡಿಸಿದರು. ಕೆಂಪಯ್ಯನ ಬೊಗಸೆಯೊಳಗೆ ಶಿವನಂಜಮ್ಮನ ಬೊಗಸೆ, ಅದರ ಮೇಲೊಂದು ತೆಂಗಿನಕಾಯಿ. ನೆಂಟರು ಒಬ್ಬರಾದ ಮೇಲೊಬ್ಬರು ಬಂದು ಹಾಲು ಎರೆದರು. ಅವನು ಮೆಲ್ಲಗೆ ಬೆರಳ ತುದಿಯನ್ನು ಮೇಲೆತ್ತಿ, ಮಣಿಕಟ್ಟನ್ನು ಕೆಳಗೆ ಮಾಡಿದ. ಹಾಲೆಲ್ಲ ಹಿಂದಕ್ಕೆ ಹರಿದು ವಾಚಿನ ಮೇಲೆ ಇಳಿಯಿತು. ಊಟದ ಹೊತ್ತಿಗೆ ಮುಳ್ಳು ನಿಂತಿತ್ತು, ಗಾಜಿನೊಳಗೆ ಬೆಳ್ಳಗೆ ಮಂಜು ಕಟ್ಟಿತ್ತು.

ಲೆಕ್ಕ ಹಾಕಿದ ಹಾಗೇ ಆಯಿತು. ದೇವಯ್ಯನವರು ಎಲ್ಲರೆದುರು ತಲೆ ತಗ್ಗಿಸಿ ನಿಂತರು, ಈ ಸಲ ಅಳಿಯಂದಿರೇ ಆರಿಸಲಿ ಅಂದರು. ಅಳಿಯಂದಿರು ಒಂದು ಮಾತಿಗಾದರೂ ಬೇಡ ಅನ್ನಲಿಲ್ಲ. ಚೌಕದ ವಾಚು ಬಂತು, ಶೆಡ್ಡಿನವರು ಬಾಯಿ ಬಿಟ್ಟುಕೊಂಡು ನೋಡಿದರು, ಒಂದಿಬ್ಬರು ಕೆಂಪರಾಜ್ ಅಂತಲೂ ಕರೆದರು.

ಮನೆಯಲ್ಲಿ ಮಾತ್ರ ಬೇರೆಯೇ ಕಥೆ. ಶಿವನಂಜಮ್ಮ ಹೊತ್ತು ಹೊತ್ತಿಗೆ ಅಡುಗೆ ಮಾಡುತ್ತಿದ್ದಳು, ನಗುನಗುತ್ತ ಬಡಿಸುತ್ತಿದ್ದಳು. ಗಂಟೆ ಎಷ್ಟು ಎಂದು ತಿಳಿಯಬೇಕಾದರೆ ಮಾತ್ರ ಹಿತ್ತಿಲಿಗೆ ಹೋಗಿ, ಗೋಡೆಯಾಚೆಯ ಪುಟ್ಟತಾಯಮ್ಮನನ್ನು ಕೂಗಿ ಕೇಳುತ್ತಿದ್ದಳು. ಗಂಡ ಕಣ್ಣೆದುರೇ ತೋಳು ಮಡಚಿ ಕೂತಿದ್ದರೂ ಅಷ್ಟೇ. ಕೆಂಪಯ್ಯ ಅವಳು ಕೇಳದೆಯೇ ಗಂಟೆ ಹೇಳಿ ನೋಡಿದ. ಅವಳು ಹೂಂ ಅಂದು, ಮತ್ತೆ ಹಿತ್ತಿಲಿಗೆ ಹೋದಳು. ಅವನಿಗೆ ಕೂರಲಾಗದು, ನಿಲ್ಲಲಾಗದು. ಬಣ್ಣ ಹೊಡೆಯುವಾಗಲೂ ಅದೇ ಯೋಚನೆ. ಆ ದೀಪಾವಳಿಯ ಹೊತ್ತಿಗೆ ಅವನಿಗೆ ವಾಚು ನೋಡಿಕೊಳ್ಳುವ ಆಸೆಯೇ ಹೋಗಿತ್ತು.

ಒಂದು ಬೆಳಿಗ್ಗೆ ಅವಳು ಹಿತ್ತಿಲ ಬಾಗಿಲು ದಾಟುವಾಗ ತಡೆಯಲಾರದೆ ಅಡ್ಡ ನಿಂತ.

"ನನ್ ಕೈಲಿ ವಾಚಿರೋದು ನಿನ್ನ ಕಣ್ಣಿಗೆ ಕಾಣಲ್ವೇನೇ?"

ಶಿವನಂಜಮ್ಮ ದನಿ ಏರಿಸಲಿಲ್ಲ. "ಕಾಣದೆ ಏನು? ಧಾರೆ ದಿವ್ಸ ನನ್ ಕೈ ನಿಮ್ ಕೈಯೊಳ್ಗೇ ಇತ್ತಲ್ಲ. ನೀವು ಮಣಿಕಟ್ಟು ಇಳಿಸ್ಬುಟ್ಟಿದ್ದು ನಂಗೆ ಗೊತ್ತಾಗ್ಲಿಲ್ಲ ಅಂದ್ಕೊಂಡ್ರಾ?" ಅಂದಳು. ಆಮೇಲೆ ಸೆರಗು ಸರಿಮಾಡಿಕೊಳ್ಳುತ್ತ, "ಆ ಗುಂಡಗಿನ್ ವಾಚು ಆರ್ಸಿದ್ದು ಅಪ್ಪ ಅಲ್ಲ, ನಾನು. ಬಣ್ಣ ಹೊಡೆಯೋ ಕೈ, ಗಾಜಿನ್ ಮೇಲೆ ಧೂಳು ಕೂತ್ರೂ ಅಂಕಿ ಕಾಣ್ಲಿ ಅಂತ," ಅಂದಳು.

ಕೆಂಪಯ್ಯ ತಾನಾಗಿಯೇ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಅವಳು ಗೋಡೆಯ ಹತ್ತಿರ ಹೋಗಿ, ಗಂಟೆ ಎಷ್ಟಾಯ್ತು ಪುಟ್ಟತಾಯಕ್ಕಾ ಅಂತ ಕೂಗಿ ಕೇಳಿದಳು.