ಏಣಿಯಿಂದ ಬಿದ್ದವನ ಎರಡನೇ ಪುಟ

ರೋಗ ವಾಸಿಮಾಡುವವರ ಹೆಸರು ಆಸ್ಪತ್ರೆಯ ಬಾಗಿಲುಗಳ ಮೇಲಿರುತ್ತದೆ. ರೋಗಿಯ ದಾಖಲೆ ಓದಿ, ಪ್ರತಿ ಕಾಯಿಲೆಗೂ ಅದರದೇ ಕೋಡ್ ಸಂಖ್ಯೆಯನ್ನು ಕೂರಿಸುವವರ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ. ಮೂವತ್ತೊಂದು ವರ್ಷ ಈ ಕೆಲಸ ಮಾಡಿ ಈಗ ನಿವೃತ್ತರಾಗುತ್ತಿರುವ ಕೋಡಿಂಗ್ ವಿಭಾಗದ ಮುಖ್ಯಸ್ಥೆಯವರನ್ನು ಸಿಬ್ಬಂದಿ ಬೆನ್ನ ಹಿಂದೆ ‘ಎಲ್ಲಿದೆ ಮೇಡಂ’ ಎನ್ನುತ್ತಿದ್ದರು. ಯಾರು ಯಾವ ಕೋಡ್ ಹಾಕಿದರೂ ಅವರದು ಒಂದೇ ಮಾತು: “ಎಲ್ಲಿದೆ, ತೋರ್ಸು.” ವೈದ್ಯರು ಬರೆದಿರದ ಕಾಯಿಲೆ ಅವರ ಪಾಲಿಗೆ ಇಲ್ಲವೇ ಇಲ್ಲ.

ಹನ್ನೆರಡು ವರ್ಷಗಳ ಹಿಂದೆ, ಕೋರ್ಸಿನಲ್ಲಿ ಮೊದಲ ದರ್ಜೆ ಪಡೆದ ಹೊಸಬಳೊಬ್ಬಳು ಅವರ ಕೈಕೆಳಗೆ ಸೇರಿದಳು. ಮೂರು ತಿಂಗಳ ಪರೀಕ್ಷಾವಧಿಯಲ್ಲಿ ಮೂರು ಫೈಲು ತಪ್ಪಿದರೆ ಮನೆ ದಾರಿ. ಎರಡು ಆಗಲೇ ತಪ್ಪಿದ್ದವು. ಕೊನೆಯ ವಾರ, ಗೋಡೆಗೆ ಬಣ್ಣ ಬಳಿಯುತ್ತ ಏಣಿಯಿಂದ ಬಿದ್ದು ಕಾಲು ಉಳುಕಿಸಿಕೊಂಡವನ ಫೈಲು ಬಂತು. ಹೊಸಬಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿದಳು. ಉಳುಕಿನ ಜೊತೆಗೆ ಹೃದ್ರೋಗ, ಸಕ್ಕರೆ ಕಾಯಿಲೆ, ಉಬ್ಬಸ, ಕಣ್ಣಿನ ಪೊರೆ, ಒಂದನ್ನೂ ಬಿಡದೆ ಕೋಡ್ ಹಾಕಿದಳು.

“ಇವನಿಗೆ ವಯಸ್ಸೆಷ್ಟಮ್ಮ?”

“ಇಪ್ಪತ್ನಾಲ್ಕು, ಮೇಡಂ.”

“ಇಷ್ಟೆಲ್ಲ ಇಟ್ಕೊಂಡು ಏಣಿ ಹೇಗೆ ಹತ್ತಿದ? ಎಲ್ಲಿದೆ, ತೋರ್ಸು.”

ಹೊಸಬಳು ಗೆದ್ದವಳಂತೆ ಎರಡನೇ ಪುಟ ತೆರೆದಳು. “ಇಲ್ಲೇ ಇದೆ. ಡಾಕ್ಟರೇ ಬರ್ದಿದ್ದಾರೆ.”

ಬರೆದಿದ್ದು ನಿಜ. ‘ಕುಟುಂಬದವರ ಕಾಯಿಲೆಗಳು: ಕ್ರಮವಾಗಿ ಅಪ್ಪ, ಅಮ್ಮ, ಸೋದರಮಾವ, ಅಜ್ಜಿ’ ಎಂಬ ತಲೆಬರಹ ಮಾತ್ರ ಮೊದಲ ಪುಟದ ತಳದಲ್ಲಿತ್ತು. ಹೃದ್ರೋಗ ಅಪ್ಪನದು, ಸಕ್ಕರೆ ಅಮ್ಮನದು, ಉಬ್ಬಸ ಸೋದರಮಾವನದು, ಪೊರೆ ಅಜ್ಜಿಯದು.

“ಬಿದ್ದಿದ್ದು ಇವನೊಬ್ನೇ ಕಣಮ್ಮ. ನೀನು ವಂಶಾನೇ ಅಡ್ಮಿಟ್ ಮಾಡ್ಬಿಟ್ಟೆ.”

ತಪ್ಪು ಮುಚ್ಚಿಡುವುದು ಮೇಡಂ ಜಾಯಮಾನವಲ್ಲ. ತಪ್ಪುಗಳ ಪುಸ್ತಕದಲ್ಲಿ ಅದನ್ನು ಬರೆದೇ ಬರೆದರು. ಹೊಸಬಳು ಮೇಜಿನ ಖಾನೆ ಖಾಲಿ ಮಾಡತೊಡಗಿದಳು. ಆದರೆ ‘ಕಾರಣ’ದ ಕಾಲಂನಲ್ಲಿ ಅವರು ಬರೆದದ್ದು ಇಷ್ಟು: “ಈ ಪುಟ ಓದುವುದನ್ನು ನಾನು ಕಲಿಸಿಲ್ಲ. ತಪ್ಪು ನನ್ನದು.” ಹತ್ತೊಂಬತ್ತು ವರ್ಷಗಳಲ್ಲಿ ಅವರ ಹೆಸರಿನಲ್ಲಿ ದಾಖಲಾದ ಮೊದಲ ತಪ್ಪು ಅದು.

ಆಡಳಿತಾಧಿಕಾರಿ ಒಪ್ಪಲಿಲ್ಲ. “ಆ ಹುಡುಗಿ ತಪ್ಪನ್ನ ನೀವ್ಯಾಕೆ ಮೈಮೇಲೆ ಎಳ್ಕೊಳ್ತೀರಿ? ಕಲ್ಸೇ ಇರ್ತೀರಿ.”

“ಎಲ್ಲಿದೆ, ತೋರ್ಸಿ.”

ತರಬೇತಿ ಪುಸ್ತಕ ತರಿಸಿ ನೋಡಿದರು. ಆ ಪಾಠದ ದಿನ ಮೇಡಂ ಹಲ್ಲುನೋವಿನ ರಜೆಯಲ್ಲಿದ್ದರು. ಪಾಠ ಕಲಿಸಿದವರ ಸಹಿಯ ಜಾಗ ಖಾಲಿಯಿತ್ತು. ಹೊಸಬಳ ಕೆಲಸ ಉಳಿಯಿತು.

ಈಗ ಅವರ ಕುರ್ಚಿಗೆ ಬರುತ್ತಿರುವವಳು ಅವಳೇ. ಮೇಡಂ ವಾರಕ್ಕೆರಡು ದಿನ ಬಂದು ಹೊಸಬರಿಗೆ ಪಾಠ ಹೇಳಲು ಒಪ್ಪಿದ್ದಾರೆ. ಅವರು ನೂರ್ಕಾಲ ಗಟ್ಟಿಮುಟ್ಟಾಗಿ ಬಾಳಲಿ. ಅವರ ಸ್ವಂತ ಫೈಲಿನಲ್ಲಿ, ಈ ಶಿಷ್ಯೆ ಎಷ್ಟೇ ತಡಕಾಡಿದರೂ, ಕೋಡ್ ಹಾಕಲು ಒಂದು ಕಾಯಿಲೆಯೂ ಸಿಗದಿರಲಿ.